ಮೇಸ್ತ್ರಿಗೆ ಬಂದ ಕಾಗದ

ಸೆಪ್ಟೆಂಬರ್ 4

ಪ್ರೀತಿಯ ಅತ್ತೆ,

ನಿನ್ನ ಸುರಂಗದ ಕ್ಯಾಂಪಿಗೆ ಫೋನು ತಲುಪುವುದಿಲ್ಲ ಎಂದು ಅಪ್ಪ ಹೇಳಿದಾಗ ಮೊದಲು ನಗು ಬಂತು. ಆಮೇಲೆ ಅನ್ನಿಸಿತು, ವಾರಕ್ಕೊಮ್ಮೆ ಸಾಮಾನಿನ ಲಾರಿಯಲ್ಲಿ ಹೋಗುವ ಕಾಗದವೇ ವಾಸಿ. ಫೋನಿನಲ್ಲಾದರೆ ನೀನು ಅರ್ಧಕ್ಕೇ ತಡೆದು ತಪ್ಪು ಹಿಡಿಯುತ್ತೀಯ.

ಸುದ್ದಿ ಇಷ್ಟು. ಕಾಲೇಜಿನ ರೋಬೋ ತಂಡದಲ್ಲಿ ಈ ವರ್ಷ ಯಂತ್ರಭಾಗದ ಹೊಣೆ ನನಗೆ ಕೊಟ್ಟಿದ್ದಾರೆ. ಯಾರೂ ನಡೆಸದೆ ತನ್ನಷ್ಟಕ್ಕೆ ದಾರಿ ಕಂಡುಕೊಂಡು ಹೋಗುವ ನಾಲ್ಕು ಚಕ್ರದ ಗಾಡಿ ಅದು. ನವೆಂಬರ್ 23ಕ್ಕೆ ಪಂದ್ಯ. ಒಂಬತ್ತು ಬಾಗಿಲು ದಾಟಬೇಕು, ಒಂದಕ್ಕಿಂತ ಒಂದು ಕಿರಿದು. ಕೊನೆಯದರಲ್ಲಿ ಎರಡೂ ಪಕ್ಕಕ್ಕೆ ನಾಲ್ಕು ಬೆರಳಿನಷ್ಟೇ ಜಾಗ. ಒಮ್ಮೆ ಗುಂಡಿ ಒತ್ತಿದ ಮೇಲೆ ನಾವು ಕೈಕಟ್ಟಿ ನಿಲ್ಲಬೇಕು.

ಚೌಕಟ್ಟು, ಮೋಟಾರು ಕೂರುವ ಜಾಗ, ಶಾಫ್ಟು, ಬೇರಿಂಗು, ಚಕ್ರ ಎಲ್ಲ ನನ್ನವು. ಮೂರು ತಿಂಗಳು ಕೂತು ಮಾಡಿದ ಡ್ರಾಯಿಂಗುಗಳ ಪ್ರತಿ ಇದರ ಜೊತೆ ಇದೆ. ನೋಡು. ಆದರೆ ಹೋದ ವರ್ಷದ ಹಾಗೆ ಮೈತುಂಬ ಕೆಂಪು ಶಾಯಿ ಬಳಿಯಬೇಡ. ಶಾಫ್ಟುಗಳನ್ನಂತೂ ಮುಟ್ಟಲೇ ಬೇಡ. ಕ್ಯಾಪ್ಟನ್ ಒಪ್ಪಿ ಸಹಿ ಹಾಕಿಯಾಗಿದೆ, ವರ್ಕ್‌ಶಾಪಿನ ಮೇಸ್ತ್ರಿ ಲೇತಿಗೆ ಏರಿಸುವುದೊಂದೇ ಬಾಕಿ.

ಒಂದು ಮಾತು ನಿನಗೆ ಮಾತ್ರ. ರೋಬೋಗೆ ಪ್ರೋಗ್ರಾಂ ಬರೆಯುವ ಹುಡುಗನೊಬ್ಬ ಇದ್ದಾನೆ. ಬಾಯಿ ಬಿಡುವುದಿಲ್ಲ, ಅದಕ್ಕೆ ಎಲ್ಲರೂ ಗುಮ್ಮ ಎನ್ನುತ್ತಾರೆ. ನನ್ನ ಮೇಜಿನ ಸುತ್ತ ಸುಳಿಯುತ್ತಾನೆ. ಮೊನ್ನೆ ನನ್ನ ಡ್ರಾಯಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಏನ್ ಬೇಕಿತ್ತು?" ಅಂದೆ.

"ಏನಿಲ್ಲ. ತೂಕ ಎಷ್ಟಾಗುತ್ತೆ ಅಂತ."

ತೂಕ ಕೆಳಗಿನ ಮೂಲೆಯಲ್ಲೇ ದೊಡ್ಡದಾಗಿ ಬರೆದಿದೆ. ಈ ಹೊಣೆಯನ್ನು ಅವನೂ ಕೇಳಿದ್ದನಂತೆ, ಕ್ಯಾಪ್ಟನ್ ಕೊಡಲಿಲ್ಲವಂತೆ. ಗುಮ್ಮನಗುಸಕರನ್ನು ನಂಬಬಾರದು ಅಂತ ನೀನೇ ಅಲ್ಲವೇ ಹೇಳುತ್ತಿದ್ದದ್ದು?

ನಿನ್ನ
ಚೂಟಿ

*

ಸೆಪ್ಟೆಂಬರ್ 13

ಚೂಟಿ,

ಮಂಗಳವಾರದ ಲಾರಿಯಲ್ಲಿ ನಿನ್ನ ಕಟ್ಟು ಬಂತು. ಊಟದ ಶೆಡ್ಡಿನ ಉದ್ದ ಮೇಜಿನ ಮೇಲೆ ಡ್ರಾಯಿಂಗುಗಳನ್ನು ಹರಡಿ, ಫ್ಯಾನಿನ ಗಾಳಿಗೆ ಹಾರದಿರಲಿ ಅಂತ ನಾಲ್ಕು ಮೂಲೆಗೆ ನಾಲ್ಕು ನಟ್ಟು ಇಟ್ಟೆ. ನನ್ನ ಜೊತೆಯ ಫಿಟ್ಟರುಗಳು ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದರು.

"ಯಾರದಕ್ಕಾ ಇದು?"

"ನಮ್ಮಣ್ಣನ ಮಗಳದು."

"ಹಾಗಾದ್ರೆ ಅತ್ತೆ ಕೈ ಇದೆ ಬಿಡಿ."

ನಾನು ಇಲ್ಲ ಅನ್ನಲಿಲ್ಲ. ನೀನು ಆರು ವರ್ಷದವಳಿದ್ದಾಗ ಕಬ್ಬಿಣ ಉಜ್ಜುವ ಅರ ಹಿಡಿಯಲು ಕಲಿಸಿದವಳು ನಾನು, ಅಷ್ಟು ಜಂಬ ಬೇಡವೇ?

ಕೆಲಸ ಅಚ್ಚುಕಟ್ಟಾಗಿದೆ. ಶಾಯಿ ಬಾಟಲಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಹೋದ ವರ್ಷ ಗೀಚಿ ಕಳಿಸಿದ್ದಕ್ಕೆ ನೀನು ಎರಡು ತಿಂಗಳು ಕಾಗದ ಬರೆಯಲಿಲ್ಲ. ಇಲ್ಲಿ ಎರಡು ತಿಂಗಳು ಅಂದರೆ ಬಹಳ ಉದ್ದ.

ಮೇಸ್ತ್ರಿಗೆ ಒಂದು ಲಕೋಟೆ ಇಟ್ಟಿದ್ದೇನೆ, ಅಂಟಿಸಿದೆ, ಹಾಗೆಯೇ ಕೊಡು. ಹನ್ನೊಂದು ವರ್ಷ ಅಕ್ಕಪಕ್ಕದ ಲೇತಿನಲ್ಲಿ ನಿಂತವರು ನಾವು. ಹಳಬರ ಮಾತು, ನಿನಗೆ ರುಚಿಸುವುದಿಲ್ಲ.

ಆ ಹುಡುಗನ ವಿಷಯ: ಮಾತಾಡದವರೆಲ್ಲ ಗುಮ್ಮನಗುಸಕರಲ್ಲ. ಕೆಲವರಿಗೆ ಮಾತು ಬರುವುದಿಲ್ಲ, ಇನ್ನು ಕೆಲವರಿಗೆ ಸುತ್ತಲಿನವರು ಸಂದು ಕೊಡುವುದಿಲ್ಲ.

ನಿನ್ನ ಅತ್ತೆ

*

ಸೆಪ್ಟೆಂಬರ್ 24

ಅತ್ತೆ,

ಲಕೋಟೆಯನ್ನು ಬಂದ ದಿನವೇ ಮೇಸ್ತ್ರಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಅಲ್ಲೇ ಓದಿ, ಮಡಿಚಿ ಜೇಬಿಗಿಟ್ಟು, "ನಿಮ್ಮತ್ತೆ ಒಂಚೂರೂ ಬದಲಾಗಿಲ್ಲ" ಅಂದರು.

ಈಗ ಕೇಳು, ನನ್ನ ಅನುಮಾನ ಸುಳ್ಳಾಗಲಿಲ್ಲ.

ಮೂರು ಶಾಫ್ಟುಗಳು ಮೊದಲೇ ತಯಾರಾಗಿದ್ದವು. ಬೇರಿಂಗುಗಳು ಅವಕ್ಕೆ ಬೆಣ್ಣೆಯ ಹಾಗೆ ಇಳಿದು ಕೂತವು. ನಾಲ್ಕನೆಯದು, ಎಡ ಮುಂದಿನ ಚಕ್ರದ್ದು, ಆಮೇಲೆ ಬಂತು. ಅದೊಂದರಲ್ಲಿ ಬೇರಿಂಗು, ಶಾಫ್ಟು ದಪ್ಪವಾಗುವ ಕಡೆಯ ಮೆಟ್ಟಿಲಿಗೆ ಒರಗುತ್ತಿಲ್ಲ. ನಡುವೆ ಒಂದು ಸಂದಿ ಉಳಿಯುತ್ತದೆ. ನಟ್ಟು ಬಿಗಿದರೆ ಬೇರಿಂಗು ಓರೆಯಾಗಿ ಚಕ್ರ ಬಿಗಿಹಿಡಿಯುತ್ತದೆ. ಓಡಿಸಿದಾಗ ಹೇಗೋ ನೇರವಾಗೇ ಹೋಗುತ್ತಿದೆ, ಅದಕ್ಕೇ ಯಾರ ಗಮನಕ್ಕೂ ಬಂದಿಲ್ಲ. ಕೈಯಲ್ಲಿ ತಿರುಗಿಸಿದಾಗ ನನಗೆ ಗೊತ್ತಾಯಿತು. ಆ ಮೋಟಾರೂ ಮಿಕ್ಕವಕ್ಕಿಂತ ಬಿಸಿಯಾಗುತ್ತಿದೆ.

ಮೇಸ್ತ್ರಿಯನ್ನು ಕೇಳಿದೆ.

"ಕಾಗದದಲ್ಲಿ ಇದ್ದ ಹಾಗೇ ಮಾಡಿದೀನಮ್ಮ. ಯಾಕೆ, ನಿಂಗೆ ಗೊತ್ತಿಲ್ವಾ?"

ನಾನು ಗೊತ್ತು ಅಂದುಬಿಟ್ಟೆ. ನನ್ನ ಡ್ರಾಯಿಂಗ್ ನನಗೇ ಗೊತ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ ಅವರ ಲೇತಿನ ಮೇಲಿನ ಹಲಗೆಗೆ ಸಿಕ್ಕಿಸಿದ್ದ ಹಾಳೆ ನೋಡಿದೆ. ನನ್ನದೇ ಡ್ರಾಯಿಂಗು, ಅದರ ಮೇಲೆ, ಮೆಟ್ಟಿಲಿನ ಹತ್ತಿರ, ಯಾರೋ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಆ ಕೈ ನನ್ನದಲ್ಲ. ಇನ್ನೊಂದು ಕೇಳು. ಅದೇ ಹಲಗೆಯ ಪಕ್ಕ ಗುಮ್ಮ ನಿಂತಿದ್ದ, ಕೈಯಲ್ಲಿ ನೋಟುಬುಕ್ಕು. ನನ್ನನ್ನು ಕಂಡವನೇ ಪಟ್ಟನೆ ಮುಚ್ಚಿದ. ಪ್ರೋಗ್ರಾಂ ಬರೆಯುವವನಿಗೆ ಲೇತಿನ ಹತ್ತಿರ ಏನು ಕೆಲಸ?

ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾನಿನ್ನೂ ಯಾರಿಗೂ ಹೇಳಿಲ್ಲ. ಅವನ ಮೇಲೆ ಒಂದು ಕಣ್ಣಿಟ್ಟಿದ್ದೇನೆ.

ಚೂಟಿ

*

ಅಕ್ಟೋಬರ್ 2

ಚೂಟಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಈ ವಾರ ಇಲ್ಲಿ ಕೆಲಸ ವಿಪರೀತ. ಮಣ್ಣು ಹೊರಗೆ ಸಾಗಿಸುವ ಬೆಲ್ಟಿನ ಉರುಳೆಗಳು ಒಂದರ ಹಿಂದೊಂದು ಸದ್ದು ಮಾಡುತ್ತಿವೆ. ಹೆಲ್ಮೆಟ್ಟಿನ ದೀಪದ ಬೆಳಕಿನಲ್ಲಿ ಕೈಯಿಟ್ಟು ನೋಡಿ, ಯಾವುದು ಬಿಸಿ, ಯಾವುದು ತಣ್ಣಗೆ ಅಂತ ವಿಂಗಡಿಸಬೇಕು. ಹಾಗಾಗಿ ಚಿಕ್ಕದಾಗಿ ಬರೆಯುತ್ತೇನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ. ಹಲಗೆಯ ಹತ್ತಿರ ನಿಂತಿದ್ದ ಅಂದ ಮಾತ್ರಕ್ಕೆ ಅವನೇ ಗೀಚಿದ ಅಂತ ಆಗುವುದಿಲ್ಲ. ಕೆಡಿಸಬೇಕು ಅಂತ ಇದ್ದವನು ಮೂಲೆಯನ್ನು ದುಂಡಗೆ ಮಾಡಿಸುತ್ತಾನೆಯೇ? ಮೊದಲು ಅವನನ್ನೇ ಕೇಳು. ಮೇಸ್ತ್ರಿಯನ್ನೂ ಇನ್ನೊಮ್ಮೆ ಸರಿಯಾಗಿ ಕೇಳು. ಗೊತ್ತಿಲ್ಲದ್ದನ್ನು ಗೊತ್ತು ಅನ್ನಬೇಡ.

ಯಾರ ಮುಂದೆಯೂ ಆ ಹುಡುಗನ ಹೆಸರೆತ್ತಬೇಡ. ನನ್ನ ಮೇಲಾಣೆ.

ಅತ್ತೆ

*

ಅಕ್ಟೋಬರ್ 6

ಅತ್ತೆ,

ನಿನ್ನ ಉತ್ತರಕ್ಕೆ ಕಾಯಲಾಗಲಿಲ್ಲ. ಮುಗಿಯಿತು.

ಶನಿವಾರದ ಸಭೆಯಲ್ಲಿ ಎಲ್ಲ ಹೇಳಿದೆ. ಪೆನ್ಸಿಲ್ ಗುರುತು, ಅವನು ಮುಚ್ಚಿದ ನೋಟುಬುಕ್ಕು, ಕೂರದ ಬೇರಿಂಗು. ಚಕ್ರವನ್ನು ಮೇಜಿನ ಮೇಲಿಟ್ಟು ತಿರುಗಿಸಿಯೂ ತೋರಿಸಿದೆ. ಕ್ಯಾಪ್ಟನ್ ಮುಖ ಕೆಂಪಾಯಿತು. ಗುಮ್ಮ ಚಕ್ರವನ್ನೇ ನೋಡುತ್ತಿದ್ದ. ಆಮೇಲೆ ಸುತ್ತ ಕೂತ ಎಂಟು ಜನರನ್ನೂ ನೋಡಿ, "ನನ್ನನ್ನ ಯಾರಾದ್ರೂ ಏನಾದ್ರೂ ಕೇಳ್ತೀರಾ?" ಅಂದ. ಎಂಥ ಧಿಮಾಕು ನೋಡು.

ಕ್ಯಾಪ್ಟನ್, "ಕೇಳೋದು ಏನಿದೆ? ಕೀ ಇಟ್ಟು ಹೋಗು" ಅಂದ. ಅವನು ವರ್ಕ್‌ಶಾಪಿನ ಕೀಲಿಕೈಯನ್ನು ಉಂಗುರದಿಂದ ಬಿಡಿಸಲು ಹೋದ. ಉಂಗುರ ಬಿಗಿ ಇತ್ತು, ಹೊತ್ತು ಹಿಡಿಯಿತು. ಮೇಜಿನ ಮೇಲಿಟ್ಟು ಹೋದ.

ತಪ್ಪು ಮಾಡದವನು ಹಾಗೆ ಸುಮ್ಮನೆ ಎದ್ದು ಹೋಗುತ್ತಾನೆಯೇ? ಮೌನಂ ಸಮ್ಮತಿ ಲಕ್ಷಣಂ. ಅವನು ಬರೆದ ಪ್ರೋಗ್ರಾಂ ಹೇಗೂ ಕಂಪ್ಯೂಟರಿನಲ್ಲಿದೆ, ಓಡುತ್ತಿದೆ. ಈಗ ತಂಡದಲ್ಲಿ ಎಲ್ಲರೂ ನನ್ನ ಮಾತಿಗೆ ಬೆಲೆ ಕೊಡುತ್ತಾರೆ.

ಊಟ ಯಾಕೋ ಸೇರುತ್ತಿಲ್ಲ. ಕೆಲಸ ಜಾಸ್ತಿ, ಅದಕ್ಕಿರಬೇಕು.

ಚೂಟಿ

*

ಅಕ್ಟೋಬರ್ 11

ಅತ್ತೆಯವರಿಗೆ,

ನಿಮ್ಮ ಎರಡನೇ ತಾರೀಖಿನ ಕಾಗದ ನಿನ್ನೆ ಕೈಸೇರಿತು.

ಮೂಲೆಯನ್ನು ದುಂಡಗೆ ಮಾಡಿಸುತ್ತಾನೆಯೇ ಅಂತ ಬರೆದಿದ್ದೀರಿ. ನನ್ನ ಸೆಪ್ಟೆಂಬರಿನ ಕಾಗದದ ಕರಡು ನನ್ನ ಹತ್ತಿರ ಇದೆ. ಮೂರು ಸಲ ಓದಿದೆ. ಸಂದಿ ಅಂತ ಬರೆದಿದ್ದೇನೆ, ಪೆನ್ಸಿಲ್ ಗುರುತು ಅಂತ ಬರೆದಿದ್ದೇನೆ. ದುಂಡು ಅನ್ನುವ ಪದ ಎಲ್ಲಿಯೂ ಇಲ್ಲ. ಆಗ ನನಗೇ ಗೊತ್ತಿರಲಿಲ್ಲ. ನಿಮ್ಮ ಕಾಗದ ನೋಡಿದ ಮೇಲೆ ಹೋಗಿ ಶಾಫ್ಟು ಬಿಚ್ಚಿ ಬೆರಳಾಡಿಸಿದೆ. ಹೌದು, ಮೆಟ್ಟಿಲಿನ ಮೂಲೆ ದುಂಡಗಿದೆ. ಮಿಕ್ಕ ಮೂರರಲ್ಲಿ ಚೂಪಾಗಿದೆ.

ಎಷ್ಟೋ ದೂರದ ಗುಡ್ಡದ ಹೊಟ್ಟೆಯಲ್ಲಿ ಕೂತವರಿಗೆ ಇದು ಹೇಗೆ ಗೊತ್ತಾಯಿತು?

ಗುಮ್ಮ ನಿಮಗೆ ಕಾಗದ ಬರೆಯುತ್ತಾನೆಯೇ? ನನ್ನ ಬಗ್ಗೆ ಏನು ಬರೆದಿದ್ದಾನೆ? ಅವನ ಹೆಸರೆತ್ತಬೇಡ ಅಂತ ಆಣೆ ಹಾಕುವಷ್ಟು ಅವನು ನಿಮಗೆ ಯಾವಾಗ ಬೇಕಾದವನಾದ?

ಉತ್ತರ ಬರುವವರೆಗೆ ನಾನು ಡ್ರಾಯಿಂಗ್ ಕಳಿಸುವುದಿಲ್ಲ.

ಇಂತಿ,
ನಿಮ್ಮ ಅಣ್ಣನ ಮಗಳು

*

ಅಕ್ಟೋಬರ್ 20

ಚೂಟಿ,

ನಿನ್ನ ಎರಡು ಕಾಗದಗಳೂ ಒಂದೇ ಲಾರಿಯಲ್ಲಿ ಬಂದವು. ಒಂದರಲ್ಲಿ ಆ ಹುಡುಗ ಹೋದ ಸುದ್ದಿ, ಇನ್ನೊಂದರಲ್ಲಿ ನಾನು ನಿನಗೆ "ನೀವು" ಆದದ್ದು. ನೀನು ಮಾತು ಕಲಿತಾಗಿನಿಂದ ನಿನ್ನ ಬಾಯಲ್ಲಿ ಆ ಪದ ನನಗೆ ಬಂದಿರಲಿಲ್ಲ. ಬರಬೇಕಾದ್ದೇ.

ಯಾರೂ ನನಗೆ ಏನೂ ಬರೆದಿಲ್ಲ. ಆ ಮೂಲೆಯನ್ನು ದುಂಡು ಮಾಡಿಸಿದವಳು ನಾನು. ಮೇಸ್ತ್ರಿ ಹೇಳಿದ ಕಾಗದ ನಿನ್ನ ಡ್ರಾಯಿಂಗ್ ಅಲ್ಲ, ನನ್ನ ಕಾಗದ. ನೀನೇ ಕೈಯಾರೆ ಕೊಟ್ಟ ಲಕೋಟೆ. ಅದನ್ನು ಓದಿಕೊಂಡು ಅವನು ಹಾಳೆಯ ಮೇಲೆ ಪೆನ್ಸಿಲ್ ಗುರುತು ಹಾಕಿಕೊಂಡಿರಬೇಕು.

ನಿನ್ನ ಡ್ರಾಯಿಂಗಿನಲ್ಲಿ ಮೆಟ್ಟಿಲಿನ ಮೂಲೆ ಚೂರಿಯ ಹಾಗೆ ಚೂಪಾಗಿತ್ತು. ಶಾಫ್ಟು ತಿರುಗುತ್ತ ತಿರುಗುತ್ತ ಭಾರವೆಲ್ಲ ಆ ಮೂಲೆಯಲ್ಲೇ ಬಂದು ಕೂರುತ್ತದೆ, ಅಲ್ಲೇ ಬಿರುಕು ಬಿಡುತ್ತದೆ. ಮೇಸ್ತ್ರಿಯ ಎಡಗೈಯಲ್ಲಿ ಎರಡು ಬೆರಳಿಲ್ಲದ್ದನ್ನು ನೀನು ನೋಡಿದ್ದೀಯ. ನಮ್ಮ ಹಳೆಯ ಕಾರ್ಖಾನೆಯಲ್ಲಿ ಅಂಥದೇ ಚೂಪು ಮೂಲೆಯ ಶಾಫ್ಟು ಮುರಿದಾಗ ಅವನ ಕೈ ಅಲ್ಲಿತ್ತು. ಆ ಡ್ರಾಯಿಂಗನ್ನು ನಾನು ಹಿಂದಿನ ದಿನವೇ ನೋಡಿದ್ದೆ. ದೊಡ್ಡವರು ಬರೆದದ್ದಕ್ಕೆ ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ಮನಿದ್ದೆ. ಅಂದಿನಿಂದ ತಪ್ಪು ಕಂಡಲ್ಲಿ ಕೇಳದೆ ಸರಿ ಮಾಡಿಬಿಡುವುದು ಚಟವಾಗಿದೆ. ನಿನಗೆ ಹೇಳಿದರೆ ಸಿಟ್ಟಾಗುತ್ತೀಯ, ಮತ್ತೆ ಎರಡು ತಿಂಗಳು ಬರೆಯುವುದಿಲ್ಲ ಅನ್ನುವ ಭಯ. ಅದಕ್ಕೆ ಹಿಂದಿನ ಬಾಗಿಲಿನಿಂದ ಹೋದೆ.

ಹೋದವಳು ಸರಿಯಾಗಿಯೂ ಮಾಡಲಿಲ್ಲ. ನಿನ್ನ ಬೇರಿಂಗಿನ ಒಳ ಅಂಚು ಎಷ್ಟು ಸವರಿದೆ ಅಂತ ನೋಡದೆ ದೊಡ್ಡ ದುಂಡು ಹೇಳಿದೆ. ಅದಕ್ಕೇ ಬೇರಿಂಗು ಆ ದುಂಡಿನ ಮೇಲೇರಿ ನಿಂತಿದೆ. ನಿನ್ನ ಜೊತೆ ಮಾತಾಡಿದ್ದರೆ ನೀನೇ ಹೇಳುತ್ತಿದ್ದೆ. ಮೆಟ್ಟಿಲಿಗೂ ಬೇರಿಂಗಿಗೂ ನಡುವೆ ಒಂದು ತೆಳು ಉಂಗುರ ಹಾಕು, ಅದರ ಒಳ ಅಂಚು ದುಂಡಿಗೆ ತಾಗದ ಹಾಗೆ ಸವರು. ಸರಿಹೋಗುತ್ತದೆ. ಉಳಿದ ಮೂರು ಶಾಫ್ಟುಗಳನ್ನು ಇವತ್ತೇ ಬಿಚ್ಚಿ, ಭೂತಕನ್ನಡಿ ಹಿಡಿದು ಮೂಲೆ ನೋಡು.

ಹೋದ ಸಲವೇ ಹೇಳಲು ಕೂತಿದ್ದೆ. ಮೇಸ್ತ್ರಿ ಹೇಳಿರುತ್ತಾನೆ ಅಂದುಕೊಂಡೆ. ಸುಳ್ಳು, ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಇದರೊಳಗೆ ನಿಮ್ಮ ತಂಡಕ್ಕೆ ನಾನು ಬರೆದ ಕಾಗದ ಇದೆ. ಅಂಟಿಸಿಲ್ಲ, ನೀನು ಓದಬಹುದು. ನಾನು ಮಾಡಿದ್ದು ಏನು, ಆ ಹುಡುಗ ಮಾಡದೇ ಇದ್ದದ್ದು ಏನು, ಎಲ್ಲ ಇದೆ. ಎಲ್ಲರ ಮುಂದೆ, ಅವನನ್ನು ಕರೆಸಿ, ಓದು.

ಅತ್ತೆ

*

ಅಕ್ಟೋಬರ್ 30

ಅತ್ತೆಯವರಿಗೆ,

ಕಾಗದ ಇಪ್ಪತ್ತಾರಕ್ಕೆ ತಲುಪಿತು. ನನ್ನ ಬೆನ್ನ ಹಿಂದೆ ನನ್ನ ಕೆಲಸಕ್ಕೆ ಕೈ ಹಾಕಿದ್ದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಬರೆದು ಎರಡು ಸಲ ಹರಿದೆ. ಈಗ ಕೆಲಸದ ವಿಷಯವಷ್ಟೇ ಬರೆಯುತ್ತೇನೆ.

ಮೂರು ಶಾಫ್ಟುಗಳನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ. ಬಲ ಹಿಂದಿನದರ ಮೂಲೆಯಲ್ಲಿ ಉಗುರಿಗೆ ತಾಕುವಂಥ ಗೆರೆ ಇದೆ. ಬಿರುಕೇ. ನೀವು ಹೇಳಿದ್ದು ಸರಿ. ನಾಲ್ಕನ್ನೂ ಹೊಸದಾಗಿ ಮಾಡಿಸುತ್ತಿದ್ದೇನೆ, ಸಣ್ಣ ದುಂಡು ಮತ್ತು ಉಂಗುರ ಎರಡೂ ಇಟ್ಟು. ಉಂಗುರದ ದಪ್ಪ ಒಂದೂವರೆ ಮಿಲಿಮೀಟರ್. ಒಳ ಅಂಚನ್ನು ನಾನೇ ಅರದಲ್ಲಿ ಸವರುತ್ತಿದ್ದೇನೆ. ಮೇಸ್ತ್ರಿ ಹತ್ತು ದಿನ ಕೇಳಿದ್ದಾರೆ, ಇನ್ನೊಂದು ತಂಡದ ಕೆಲಸ ಲೇತಿನ ಮೇಲಿದೆ. ಕ್ಯಾಪ್ಟನ್‌ಗೆ ಬಿರುಕು ತೋರಿಸಿದೆ, ಒಪ್ಪಿದ್ದಾನೆ. ಪಂದ್ಯಕ್ಕೆ ಇಪ್ಪತ್ತನಾಲ್ಕು ದಿನ. ಪುರುಸೊತ್ತೇ ಇಲ್ಲ.

ಚಳಿ ಶುರುವಾಗಿದೆ. ನಿಮ್ಮ ಮಂಡಿನೋವು ಹೇಗಿದೆ?

ಚೂಟಿ

*

ನವೆಂಬರ್ 7

ಚೂಟಿ,

ಮಂಡಿ ಚೆನ್ನಾಗಿದೆ.

ನಿನ್ನ ಕಾಗದದಲ್ಲಿ ಶಾಫ್ಟಿದೆ, ಉಂಗುರವಿದೆ, ಸೀಮೆಎಣ್ಣೆಯಿದೆ, ನನ್ನ ಮಂಡಿಯೂ ಇದೆ. ಆ ಹುಡುಗ ಎಲ್ಲಿ? ಹಿಂದೆ ಮುಂದೆ ತಿರುವಿ ನೋಡಿದೆ, ಅವನಿಲ್ಲ.

ನಾನು ಕೊಟ್ಟ ಕಾಗದ ಓದಿದೆಯಾ? ಓದಿದ್ದರೆ ಅವರೇನಂದರು ಅಂತ ಬರೆಯುತ್ತಿದ್ದೆ. ಓದಿಲ್ಲ ಅಂತ ನನಗೆ ಅನುಮಾನ. ಕ್ಯಾಪ್ಟನ್‌ಗೆ ಬಿರುಕು ತೋರಿಸಿದೆ ಅಂತ ಬರೆದಿದ್ದೀಯ, ಅದನ್ನು ಕಂಡುಹಿಡಿದದ್ದು ಹೇಗೆ ಅಂತ ಏನು ಹೇಳಿದೆ?

ನಾನೇ ನೇರವಾಗಿ ಕ್ಯಾಪ್ಟನ್‌ಗೆ ಬರೆದುಬಿಡೋಣ ಅಂತ ಹಾಳೆ ತೆಗೆದೆ. ಎರಡು ಸಾಲು ಬರೆದೆ ಕೂಡ. ಆಮೇಲೆ ಹರಿದೆ. ಮತ್ತೊಮ್ಮೆ ನಿನ್ನ ಬೆನ್ನ ಹಿಂದೆ ಹೋಗುವುದಿಲ್ಲ. ನೀನು ಓದಿದರೆ ಓದಿದೆ, ಇಲ್ಲದಿದ್ದರೆ ಇಲ್ಲ. ಆದರೆ ಒಂದು ತಿಳಿದಿರಲಿ: ಮೊದಲು ನಿನ್ನದು ತಪ್ಪು ತಿಳುವಳಿಕೆ. ಇಪ್ಪತ್ತಾರನೇ ತಾರೀಖಿನಿಂದ ಈಚೆಗೆ ಅದರ ಹೆಸರು ಬೇರೆ.

ಅತ್ತೆ

*

ನವೆಂಬರ್ 15

ಅತ್ತೆ,

ನಿನ್ನ ಕಾಗದ ಹದಿಮೂರಕ್ಕೆ ಬಂತು. ಓದಿ, ಅದಕ್ಕಿಂತ ಮುಂಚಿನದರ ಜೊತೆ ಪುಸ್ತಕದೊಳಗೆ ಇಟ್ಟೆ. ನಿನ್ನ ಅನುಮಾನ ನಿಜ. ತಂಡಕ್ಕೆ ನೀನು ಬರೆದ ಕಾಗದ ಹತ್ತೊಂಬತ್ತು ದಿನ ಅಲ್ಲೇ ಇತ್ತು. ಬಿರುಕನ್ನು ನಾನೇ ಕಂಡುಹಿಡಿದೆ, ಉಂಗುರವೂ ನನ್ನದೇ ಉಪಾಯ ಅಂತ ಹೇಳಿದ್ದೆ. ಕ್ಯಾಪ್ಟನ್ ಎಲ್ಲರೆದುರು ಬೆನ್ನು ತಟ್ಟಿದ. ಒಮ್ಮೆ ಬೆನ್ನು ತಟ್ಟಿಸಿಕೊಂಡ ಮೇಲೆ ಬಾಯಿ ತೆರೆಯುವುದು ಕಷ್ಟ. ಪಂದ್ಯ ಮುಗಿಯಲಿ, ಆಮೇಲೆ ಹೇಳೋಣ ಅಂತ ದಿನಾ ನನಗೆ ನಾನೇ ಹೇಳಿಕೊಂಡೆ.

ನಿನ್ನೆ ಬೆಳಿಗ್ಗೆ ಹೊಸ ಶಾಫ್ಟುಗಳನ್ನು ಹಾಕಿದೆವು. ನಾಲ್ಕೂ ಚಕ್ರ ಒಂದೇ ಬೆರಳಿಗೆ ಗಿರ್ರನೆ ತಿರುಗಿದವು. ಅಭ್ಯಾಸಕ್ಕೆಂದು ಹಲಗೆಯ ಬಾಗಿಲುಗಳನ್ನು ನಿಲ್ಲಿಸಿ, ಗುಂಡಿ ಒತ್ತಿದೆವು. ರೋಬೋ ಬಲಕ್ಕೆ ಎಳೆದುಕೊಂಡು ಹೋಗಿ ಮೂರನೇ ಬಾಗಿಲಿಗೆ ಗುದ್ದಿತು. ಮತ್ತೆ ಒತ್ತಿದರೆ ಮತ್ತೆ ಬಲಕ್ಕೆ. ಚಕ್ರ ಬಿಗಿಯಿದ್ದಾಗ ನೇರ ಹೋಗುತ್ತಿದ್ದದ್ದು, ಸಡಿಲವಾದ ಮೇಲೆ ಓರೆ.

ಕ್ಯಾಪ್ಟನ್ ಪ್ರೋಗ್ರಾಮನ್ನು ಸಾಲು ಸಾಲಾಗಿ ಹುಡುಕುತ್ತ ಹೋಗಿ ಒಂದು ಕಡೆ ನಿಂತ.

"ಸಿಕ್ತು ನೋಡಿ. ಹೋಗೋ ಮುಂಚೆ ಬತ್ತಿ ಇಟ್ಟು ಹೋಗಿದಾನೆ. ಬಲಕ್ಕೆ ನೂರಕ್ಕೆ ನಾಲ್ಕು ಪಾಲು ಜಾಸ್ತಿ ತಿರುಗೋ ಹಾಗೆ ಬರೆದಿದಾನೆ. ಸೋಮವಾರ ಪ್ರಿನ್ಸಿಪಾಲರಿಗೆ ಲಿಖಿತ ದೂರು ಕೊಡ್ತೀನಿ. ಇವನು ಕಾಲೇಜಲ್ಲೇ ಇರಬಾರದು."

ನಾನು ಬಗ್ಗಿ ನೋಡಿದೆ. ಆ ಸಾಲಿನ ಕೆಳಗೆ ಒಂದು ಟಿಪ್ಪಣಿ ಇತ್ತು, ಕ್ಯಾಪ್ಟನ್ ಓದಿರಲಿಲ್ಲ: "ಎಡ ಮುಂದಿನ ಚಕ್ರ ಹಿಡಿಯುತ್ತಿದೆ. ಅದು ಸರಿಹೋಗುವವರೆಗೆ ಮಾತ್ರ ಇದು. ಸರಿಹೋದ ದಿನ ಈ ಸಾಲು ಅಳಿಸಿ." ತಾರೀಖು ಸೆಪ್ಟೆಂಬರ್ 22. ನಾನು ಚಕ್ರಕ್ಕೆ ಕೈ ಹಾಕಿ ನೋಡಿದ್ದೇ ಇಪ್ಪತ್ತಮೂರಕ್ಕೆ. ನನಗಿಂತ ಮೊದಲೇ ಅವನಿಗೆ ಗೊತ್ತಾಗಿತ್ತು. ಅವನು ಲೇತಿನ ಹತ್ತಿರ ಹೋಗಿದ್ದು ಯಾಕೆ ಹಿಡಿಯುತ್ತಿದೆ ಅಂತ ಕೇಳಲು. ನನ್ನ ಗಾಡಿಯ ಕುಂಟನ್ನು ಅವನು ಹೊತ್ತು ನಡೆಸುತ್ತಿದ್ದ, ನಾನು ಅವನನ್ನು ಓಡಿಸಿದೆ.

ಕ್ಯಾಪ್ಟನ್‌ಗೆ ಟಿಪ್ಪಣಿ ತೋರಿಸಿದೆ. "ತಾರೀಖು ಯಾರು ಬೇಕಾದ್ರೂ ಹಾಕಬಹುದು" ಅಂದ. ಎಲ್ಲರೂ ತಲೆಯಾಡಿಸಿದರು. ಒಂದೂವರೆ ತಿಂಗಳ ಹಿಂದೆ ನಾನು ಕಲಿಸಿದ್ದನ್ನೇ ಅವರು ನನಗೆ ಒಪ್ಪಿಸುತ್ತಿದ್ದರು.

ಪುಸ್ತಕದಿಂದ ನಿನ್ನ ಕಾಗದ ತೆಗೆದೆ. ಓದಿದೆ. ಅರ್ಧದಲ್ಲಿ ಓದಲಾಗದೆ ನಿಂತೆ, ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದವರು ಬಂದು ಮಿಕ್ಕದ್ದನ್ನು ಓದಿದರು. ಆಮೇಲೆ, ಇದು ನನ್ನ ಕೈಸೇರಿ ಹತ್ತೊಂಬತ್ತು ದಿನವಾಯಿತು, ಬಿರುಕು ಕಂಡದ್ದೂ ಉಂಗುರದ ಉಪಾಯವೂ ಅತ್ತೆಯವು ಅಂತ ನಾನೇ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಯಾಪ್ಟನ್ ಮಾತ್ರ, "ನಾವೂ ಕೇಳಲಿಲ್ಲ" ಅಂದ. ಯಂತ್ರಭಾಗದ ಹೊಣೆ ಈಗ ನನ್ನದಲ್ಲ. ನ್ಯಾಯವೇ.

ಸಂಜೆ ಗುಮ್ಮನ ಮನೆಗೆ ಹೋದೆ. ಮೂರನೇ ಮಹಡಿ, ಕಿರಿದಾದ ಮೆಟ್ಟಿಲು. ಅವನ ತಾಯಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ನನ್ನನ್ನು ನೋಡಿ, "ನೀನೇ ಏನಮ್ಮ ಆ ಹುಡುಗಿ?" ಅಂದರು. ಹೌದು ಅಂದೆ. ಮತ್ತೆ ಪೆಡಲ್ ತುಳಿಯತೊಡಗಿದರು.

ಅವನು ಒಳಗಿಂದ ಬಂದು ಬಾಗಿಲಲ್ಲೇ ನಿಂತ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡ.

"ಮೂಲೆ ದುಂಡಾಗಿದ್ದು ನಿಮ್ಮತ್ತೆ ಕಾಗದದಿಂದ ಅಂತ ಮೇಸ್ತ್ರಿ ಅವತ್ತೇ ಹೇಳಿದ್ರು."

"ಮತ್ತೆ ಸಭೇಲಿ ಯಾಕೆ ಹೇಳ್ಲಿಲ್ಲ?"

"ಯಾರಾದ್ರೂ ಏನಾದ್ರೂ ಕೇಳ್ತೀರಾ ಅಂದ್ನಲ್ಲ. ನೀನಾದ್ರೂ ಕೇಳ್ತೀಯ ಅಂದ್ಕೊಂಡೆ."

"ಕೇಳಿ, ನೀನು ಹೇಳಿದ್ರೂ ನಾನು ನಂಬ್ತಿರಲಿಲ್ಲ."

"ಗೊತ್ತು. ಆದ್ರೂ ಕೇಳ್ಬೇಕಿತ್ತು."

ಹೊಲಿಗೆ ಯಂತ್ರ ನಿಂತಿತ್ತು. ಅವನು, "ನಾಳೆ ಬರ್ತೀನಿ. ಆ ಸಾಲು ಅಳಿಸಿದ್ರೆ ಸಾಲ್ದು, ಇನ್ನೂ ನಾಲ್ಕು ಕಡೆ ತಿದ್ಬೇಕು. ಆದ್ರೆ ನನ್ನ ಹತ್ರ ಕೆಲಸದ ಮಾತು ಬಿಟ್ಟು ಬೇರೆ ಮಾತು ಬೇಡ" ಅಂದ.

ಆಗಲಿ ಅಂದೆ. ಇನ್ನೇನು ಅನ್ನಲಿ?

ನಿನ್ನ ಮೇಲೆ ಸಿಟ್ಟು ಇನ್ನೂ ಇದೆ, ಅತ್ತೆ. ಆದರೆ ಅದನ್ನು ನಿನಗೇ ಬರೆಯುತ್ತಿದ್ದೇನೆ, ಬೇರೆ ಯಾರಿಗೂ ಅಲ್ಲ.

ಚೂಟಿ

*

ನವೆಂಬರ್ 20

ಚೂಟಿ,

ಲಾರಿ ಹೊರಡುವುದರಲ್ಲಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನ ಕಾಗದ ಈಗಷ್ಟೇ ಓದಿದೆ.

ಸಿಟ್ಟಿರಲಿ. ನನಗೂ ನನ್ನ ಮೇಲೆ ಇದೆ. ಮೇಸ್ತ್ರಿಗೂ ಒಂದು ಸಾಲು ಬರೆದಿದ್ದೇನೆ, ನಿನ್ನ ಒಪ್ಪಿಗೆ ಇಲ್ಲದೆ ನಿನ್ನ ಡ್ರಾಯಿಂಗಿನಲ್ಲಿ ಚುಕ್ಕಿಯನ್ನೂ ಬದಲಿಸಬಾರದು ಅಂತ, ನಾನು ಹೇಳಿದರೂ. ಈ ಸಲ ಲಕೋಟೆ ತೆರೆದೇ ಇದೆ.

ಆ ಹುಡುಗನನ್ನು ಎಲ್ಲರೂ ಗುಮ್ಮ ಅನ್ನುತ್ತಾರೆ ಅಂದೆಯಲ್ಲ. ಅವನಿಗದು ಇಷ್ಟವೇ ಅಂತ ಕೇಳಿದ್ದೀರಾ?

ಅತ್ತೆ

*

ನವೆಂಬರ್ 27

ಅತ್ತೆ,

ಪಂದ್ಯ ಮುಗಿಯಿತು. ಒಂಬತ್ತರಲ್ಲಿ ಏಳು ಬಾಗಿಲು ದಾಟಿತು. ಎಂಟನೆಯದರ ಅಂಚಿಗೆ ಹಿಂದಿನ ಚಕ್ರ ಸವರಿ ನಿಂತುಹೋಯಿತು. ಇಪ್ಪತ್ತಾರು ತಂಡಗಳಲ್ಲಿ ನಾವು ಐದನೆಯವರು. ಶಾಫ್ಟುಗಳಿಗೆ ಏನೂ ಆಗಲಿಲ್ಲ. ಬಿಚ್ಚಿ ಭೂತಕನ್ನಡಿಯಲ್ಲಿ ನೋಡಿದೆ, ನಾಲ್ಕೂ ಮೂಲೆ ಶುದ್ಧ.

ಆ ಎಂಟು ದಿನ ಹೇಗೆ ಕಳೆದವು ಅಂತ ಹೇಳಿದರೆ ನಗುತ್ತೀಯ. ಅವನೂ ನಾನೂ ಒಂದೇ ಮೇಜಿನ ಎರಡು ಕೊನೆಯಲ್ಲಿ ಕೂತಿರುತ್ತಿದ್ದೆವು. "ಆರು ನಂಬರಿನ ಸ್ಪ್ಯಾನರ್." "ಬ್ಯಾಟರಿ ಎಷ್ಟಿದೆ?" "ಇನ್ನೊಂದ್ಸಲ ಓಡಿಸು." ಇಷ್ಟೇ. ಅವನು ಏನಾದರೂ ಬರೆದುಕೊಂಡಾಗ ನನ್ನ ಬಗ್ಗೆಯೇ ಅಂತ ಮನಸ್ಸು ಇನ್ನೂ ಮಿಡುಕುತ್ತಿತ್ತು. ಒಂದು ದಿನ ಅವನೇ ನೋಟುಬುಕ್ಕನ್ನು ಮೇಜಿನ ನಡುವೆ ತೆರೆದಿಟ್ಟು ನೀರು ಕುಡಿಯಲು ಹೋದ. ಪುಟದ ತುಂಬ ನಾಲ್ಕು ಮೋಟಾರುಗಳ ಬಿಸಿ ಎಷ್ಟು, ಯಾವ ಗಂಟೆಗೆ ಅಂತ ಬರೆದಿತ್ತು. ಬೇರೆ ಏನೂ ಇರಲಿಲ್ಲ. ನಾನು ಪುಟ ತಿರುವಲಿಲ್ಲ.

ನಿನ್ನ ಪ್ರಶ್ನೆಯನ್ನು ಅವನಿಗೆ ಕೇಳಲಾಗಲಿಲ್ಲ, ಅದು ಕೆಲಸದ ಮಾತಲ್ಲವಲ್ಲ. ಆದರೆ ನಾನು ಹಾಗೆ ಕರೆಯುವುದನ್ನು ಬಿಟ್ಟಿದ್ದೇನೆ. ಬಿಟ್ಟ ಮೇಲೆ ಗೊತ್ತಾಯಿತು, ಅವನ ನಿಜವಾದ ಹೆಸರು ನನ್ನ ಬಾಯಿಗೆ ಒಮ್ಮೆಯೂ ಬಂದಿರಲಿಲ್ಲ.

ರೋಬೋ ಎಂಟನೇ ಬಾಗಿಲಲ್ಲಿ ನಿಂತಾಗ ಕ್ಯಾಪ್ಟನ್ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತ. ಮಿಕ್ಕವರು ಹೊರಗೆ ಹೋದರು. ಸಭಾಂಗಣ ಖಾಲಿಯಾಗುತ್ತ ಬಂತು. ನಾನು ನೆಲದ ಮೇಲೆ ಕೂತು ಚಕ್ರಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ನಟ್ಟು ಎರಡು ಸಲ ಕೈಜಾರಿ ಬಿತ್ತು. ಅವನು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಇನ್ನೊಂದು ಸ್ಪ್ಯಾನರ್ ತೆಗೆದುಕೊಂಡು, ಆ ಕಡೆಯ ನಟ್ಟುಗಳನ್ನು ಬಿಚ್ಚತೊಡಗಿದ. ಒಂದು, ಎರಡು, ಮೂರು. ನನ್ನ ಕೈ ನೋಡಿದ.

"ಊಟ ಆಯ್ತಾ?" ಅಂದ.

ಅದರಲ್ಲಿ ಕೆಲಸದ ಮಾತು ಏನಿದೆ ಅಂತ ನಾನು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ, ಅತ್ತೆ.

"ಇಲ್ಲ," ಅಂದೆ.

ಚೂಟಿ